ಗೋಡೆಯಾಚೆಯ ತಿರುವು

ದೀಪಾವಳಿ ಕಳೆದ ವಾರ ಶ್ರೀಗೌರಿಯ ಮನೆಗೆ ಆರು ಬೋಗಿಗಳು ಬಂದವು. ಈಗ ಎಲ್ಲ ಕಡೆ ಓಡಾಡುವ ಹೊಸ ರೈಲುಗಳ ಕೆಂಪು ಬೋಗಿಗಳೇ. ಆದರೆ ಒಂದೊಂದೂ ಒಂದು ಗೇಣು, ಮೇಲೆ ಎರಡು ಬೆರಳು ಉದ್ದ. ಸ್ಪಂಜಿನ ಪೆಟ್ಟಿಗೆಯಿಂದ ಅವನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲಿಟ್ಟುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಸೀಟುಗಳಿದ್ದವು, ಮೇಲಿನ ಬರ್ತುಗಳಿದ್ದವು, ಬಾಗಿಲ ಪಕ್ಕದ ಹಿಡಿಕೆಗಳೂ ಇದ್ದವು. ಕಣ್ಣು ಕಿರಿದು ಮಾಡಿ ನೋಡುತ್ತ ಕೂತರೆ, ಆ ಸೀಟುಗಳಿಂದ ಯಾರೋ ಆಗಷ್ಟೇ ಎದ್ದು ಹೋದಂತೆ ಅನಿಸುತ್ತಿತ್ತು.

ಶ್ರೀಗೌರಿಗೆ ನಲವತ್ತು ದಾಟಿ ಕೆಲವು ವರ್ಷಗಳಾಗಿದ್ದವು. ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬಿಡಿಸುವುದು ಅವಳ ಕೆಲಸ. ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಪುಟ್ಟಯ್ಯ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಅಪ್ಪನ ಕೊನೆಯ ಕಾಯಿಲೆಯ ವರ್ಷಗಳಲ್ಲಿ ಮಗಳ ಮದುವೆಯ ಮಾತು ಹಿಂದೆ ಸರಿಯಿತು. ಅವರು ಹೋದ ಮೇಲೆ ಅದನ್ನು ಎತ್ತುವವರು ಯಾರೂ ಉಳಿಯಲಿಲ್ಲ. ಅವಳಿಗೂ ಅದೊಂದು ಕೊರತೆಯೆಂದು ಅನಿಸಿರಲಿಲ್ಲ. ಶಿವಮೊಗ್ಗದ ಹೊಸಮನೆಯಲ್ಲಿ ಬಾಡಿಗೆ ಮನೆ ಹಿಡಿದು, ಮಲಗುವ ಕೋಣೆಯಲ್ಲಿ ಒಂದು ದೊಡ್ಡ ಮೇಜು ಹಾಕಿಸಿ, ಅದರ ಮೇಲೆ ಹಳಿ ಜೋಡಿಸಿಕೊಂಡಿದ್ದಳು. ನಿಜವಾದ ರೈಲಿನ ಎಂಬತ್ತೇಳನೇ ಒಂದು ಪಾಲಿನ ಅಳತೆ. ಇಷ್ಟು ವರ್ಷ ಆ ಮೇಜಿನ ಮೇಲೆ ಒಂದು ಪುಟ್ಟ ಇಂಜಿನ್ನು ನಾಲ್ಕಾರು ಗಿಡ್ಡ ಗೂಡ್ಸ್ ಡಬ್ಬಿಗಳನ್ನು ಎಳೆದುಕೊಂಡು ಸುತ್ತುತ್ತಿತ್ತು. ಸಂಜೆ ಕಾರ್ಖಾನೆಯ ಬಸ್ಸಿಳಿದು ಬಂದು, ಕಾಫಿ ಲೋಟ ಹಿಡಿದು ಮೇಜಿನ ಪಕ್ಕ ಕೂತರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಹೊಸ ಬೋಗಿಗಳನ್ನು ಸಿಕ್ಕಿಸಿ ಬಿಟ್ಟಾಗ ಮೊದಲ ತಿರುವಿನಲ್ಲೇ ರೈಲು ಹಳಿ ತಪ್ಪಿತು. ಮೇಜಿನ ಅಗಲ ನಾಲ್ಕಡಿ. ಅದರಲ್ಲಿ ಕೂರುವ ತಿರುವಿನ ತ್ರಿಜ್ಯ ಒಂದೂವರೆ ಅಡಿಯನ್ನು ಮೀರಿರಲಿಲ್ಲ. ಗಿಡ್ಡ ಡಬ್ಬಿಗಳಿಗೆ ಅದು ಸಾಕಾಗಿತ್ತು. ಉದ್ದದ ಬೋಗಿ ಮಾತ್ರ ಅಲ್ಲಿ ಬಾಗಲಾರದೆ ಒದ್ದಾಡಿತು. ಅದರ ನಡುಭಾಗ ತಿರುವಿನ ಒಳಗಡೆಗೆ ನುಗ್ಗಿ ಸಿಗ್ನಲ್ ಕಂಬವನ್ನು ಬೀಳಿಸಿತು, ಮೂಲೆಗಳು ಹೊರಗೆ ಚಾಚಿ ಹಿಂದಿನ ಬೋಗಿಯ ಮೂಲೆಗಳಿಗೆ ಉಜ್ಜಿದವು, ನಡುವಿನ ಕೊಂಡಿ ಪಕ್ಕಕ್ಕೆ ಜಗ್ಗಿ ಚಕ್ರವನ್ನು ಹಳಿಯಿಂದ ಎತ್ತಿಯೇ ಬಿಟ್ಟಿತು.

ಇದು ಹೀಗಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ತ್ರಿಜ್ಯ ಬೋಗಿಯ ಉದ್ದದ ಮೂರು ಪಟ್ಟಾದರೂ ಇರಬೇಕು, ಆಗ ರೈಲು ತಕರಾರಿಲ್ಲದೆ ಓಡುತ್ತದೆ. ನಾಲ್ಕು ಪಟ್ಟಿದ್ದರೆ ನೋಡುವುದಕ್ಕೂ ಚೆನ್ನ. ಇಂಥ ರೈಲು ಕಟ್ಟುವವರೆಲ್ಲ ಒಪ್ಪಿಕೊಂಡ ಲೆಕ್ಕ ಅದು. ಮೂರು ಪಟ್ಟೆಂದರೆ ಹತ್ತಿರಹತ್ತಿರ ಎರಡೂಮುಕ್ಕಾಲಡಿ. ರೈಲು ಪೂರ್ತಿ ತಿರುಗಿ ಬರಬೇಕಾದರೆ ಅದರ ಎರಡರಷ್ಟು ಅಗಲ ಬೇಕು. ಅಷ್ಟು ದೊಡ್ಡ ಮೇಜು ಹಾಕಿದರೆ ಕೋಣೆಯಲ್ಲಿ ಮನುಷ್ಯರು ನಿಲ್ಲುವುದಕ್ಕೂ ಜಾಗವಿರುವುದಿಲ್ಲ. ಗೊತ್ತಿದ್ದೂ ತರಿಸಿದ್ದಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ರೈಲಿನಲ್ಲಿ ಹೋಗುವಾಗ, ಹಳಿ ಬಾಗಿದ ಕಡೆ ಕಿಟಕಿಗೆ ಕೆನ್ನೆಯೊತ್ತಿ ನೋಡಿದರೆ ತಾನು ಕೂತ ರೈಲಿನ ಇಂಜಿನ್ನೇ ಮುಂದೆ ಎಲ್ಲೋ ಹೊಲದ ಅಂಚಿನಲ್ಲಿ ಓಡುತ್ತಿರುವುದು ಕಾಣುತ್ತಿತ್ತು. ಅಷ್ಟು ಉದ್ದದ ರೈಲು ಅಷ್ಟು ನಿಧಾನವಾಗಿ ಬಾಗುವುದನ್ನು ಒಂದು ಸಲ ತನ್ನ ಕೋಣೆಯಲ್ಲಿ ನೋಡಬೇಕೆಂಬ ಆಸೆ.

ಕೊಂಡಿಗಳನ್ನು ಉದ್ದ ಮಾಡಿ ನೋಡಿದಳು. ಬೋಗಿ ಬೋಗಿಗಳ ನಡುವೆ ಒಬ್ಬ ಮನುಷ್ಯ ಹಾರಿ ದಾಟಬೇಕಾದಷ್ಟು ಅಂತರ ಬಿದ್ದು ರೈಲು ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಉದ್ದ ಕತ್ತರಿಸಿ ಗಿಡ್ಡ ಮಾಡಿದ ಬೋಗಿಗಳೂ ಸಿಗುತ್ತವೆ. ಅವುಗಳ ಚಿತ್ರ ನೋಡಿ ಮನಸ್ಸು ಬರಲಿಲ್ಲ. ಆರೂ ಬೋಗಿಗಳನ್ನು ಕಿಟಕಿಯ ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿ ಸುಮ್ಮನಾದಳು.

ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಒರಗಿದ್ದಳು. ಅರೆನಿದ್ದೆ. ಕೆಂಪು ರೈಲು ಅವಳ ಮಂಚದ ಪಕ್ಕದಲ್ಲೇ ಹೊರಟು, ಎಲ್ಲೂ ಬಾಗದೆ, ನೇರವಾಗಿ ಎದುರಿನ ಗೋಡೆಯೊಳಕ್ಕೆ ಹೋಯಿತು. ಗೋಡೆ ಮಂಜಿನಂತೆ ದಾರಿ ಬಿಟ್ಟಿತು. ಕೊನೆಯ ಬೋಗಿಯೂ ಒಳಸೇರಿದ ಮೇಲೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಆಚೆಯಿಂದ ಸರಸರ ಎಂಬ ಸಪ್ಪಳ ಕೇಳಿತು. ಎಚ್ಚರಾದಾಗಲೂ ಆ ಸಪ್ಪಳ ನಿಂತಿರಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಕಾಗದ ಹರಡುತ್ತಿದ್ದರು.

ಪಕ್ಕದ ಮನೆಯಲ್ಲಿದ್ದವನು ಕಾಂತರಾಜ್. ಸುಭದ್ರಮ್ಮನವರು ಕಟ್ಟಿಸಿದ ಜೋಡಿ ಮನೆ ಅದು. ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ, ಮಹಡಿಯ ಮೇಲೆ ಸುಭದ್ರಮ್ಮ. ಕಾಂತರಾಜ್ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಹಾಳೆಗಳ ಗುಣ ನೋಡುವ ಕೆಲಸದಲ್ಲಿದ್ದವನು. ಕಾರ್ಖಾನೆ ನಿಂತ ಮೇಲೆ ಶಿವಮೊಗ್ಗದ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿದ್ದ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಐದಾರು ವರ್ಷಗಳಿಂದ ಅಕ್ಕಪಕ್ಕ ಇದ್ದರೂ ಶ್ರೀಗೌರಿ ಅವನೊಂದಿಗೆ ಆಡಿದ್ದ ಮಾತು ನಲ್ಲಿ ನೀರು, ಕರೆಂಟು ಇಷ್ಟರಲ್ಲೇ ಮುಗಿದಿತ್ತು.

ಆ ಸಂಜೆ ಅವಳು ಹೋಗಿ ಅವನ ಬಾಗಿಲು ತಟ್ಟಿದಳು. ಕೇಳುವುದು ಹೇಗೆಂದು ತಿಳಿಯದೆ ಒಂದು ಬೋಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದಳು. ಕಾಂತರಾಜ್ ಅದನ್ನು ತಗೊಂಡು, ಕನ್ನಡಕ ಹಣೆಗೇರಿಸಿ, ಒಳಗಿನ ಸೀಟುಗಳನ್ನು ಬಹಳ ಹೊತ್ತು ನೋಡಿದ. ಅವಳು ಎಲ್ಲವನ್ನೂ ವಿವರಿಸಿದಳು. ತನ್ನ ಕೋಣೆಯಲ್ಲಿ ಎಡಕ್ಕೊಂದು ಬಲಕ್ಕೊಂದು ನೇರ ಹಳಿ. ಎಡದ ಹಳಿ ಗೋಡೆಯ ತೂತಿನಿಂದ ಆಚೆಗೆ ಹೋಗಿ, ಅವನ ಹಿಂದಿನ ಕೋಣೆಯಲ್ಲಿ ಅರ್ಧ ಸುತ್ತು ತಿರುಗಿ, ಇನ್ನೊಂದು ತೂತಿನಿಂದ ಬಲದ ಹಳಿಗೆ ಬರುತ್ತದೆ. ತಿರುವಷ್ಟೂ ಅವನ ಕಡೆ. ಹೇಳಿ ಮುಗಿಸುವಾಗ ಅವಳಿಗೇ ಇದು ಅತಿಯಾಯಿತೆನಿಸಿ, ಬೇಡವೆಂದರೆ ಏನೂ ತಿಳಿದುಕೊಳ್ಳುವುದಿಲ್ಲವೆಂದೂ ಸೇರಿಸಿದಳು.

ಕಾಂತರಾಜ್ ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಒಂದು ಮಂಚ, ಗೋಡೆಯುದ್ದಕ್ಕೆ ಕಾಗದದ ಕಟ್ಟುಗಳು. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಅಂಚುಗಳನ್ನು ಅವನು ಬಿಸಾಡಲಾರದೆ ಮನೆಗೆ ತರುತ್ತಿದ್ದ.

"ಎಷ್ಟು ದೊಡ್ಡ ತಿರುವು ಬೇಕು ಮೇಡಂ?" ಎಂದು ಕೇಳಿದ.

"ಎರಡೂಮುಕ್ಕಾಲಡಿ ಇದ್ರೆ ಸಾಕು. ಓಡುತ್ತೆ."

"ಅದಕ್ಕಿಂತ ದೊಡ್ಡದು ಹಾಕಿದ್ರೆ?"

"ಮೂರೂವರೆ ಹಾಕಿದ್ರೆ ನೋಡೋಕೆ ಬಹಳ ಚೆನ್ನಾಗಿರುತ್ತೆ. ಆದ್ರೆ ನಿಮ್ಮ ಕೋಣೆ ಪೂರ್ತಿ ಹೋಗುತ್ತೆ. ಅಷ್ಟು ತೊಂದ್ರೆ ಬೇಡ."

ಅವನು ಗೋಡೆಯನ್ನೇ ನೋಡುತ್ತ ನಿಂತ. ಚಿಕ್ಕ ತಿರುವು ಹಾಕಿದರೆ ಅವಳ ಕಡೆಯ ಎರಡು ಹಳಿಗಳು ಎಲ್ಲೆಲ್ಲಿ ಬರುತ್ತವೆಂದು ಕೇಳಿದ. ಗೋಡೆಗಳಿಂದ ದೂರ, ಕೋಣೆಯ ನಡುವಿಗೇ ಬರುತ್ತವೆ, ಬೀರು ಮಂಚ ಎರಡಕ್ಕೂ ಜಾಗ ಉಳಿಯುವುದಿಲ್ಲ ಎಂದಳು. ಹಾಗಾದರೆ ಮಲಗುವುದೆಲ್ಲಿ ಎಂದು ಕೇಳಿದ್ದಕ್ಕೆ, ಮಂಚ ತೆಗೆದು ಚಾಪೆ ಹಾಕಿಕೊಳ್ಳುತ್ತೇನೆಂದಳು.

"ದೊಡ್ಡದನ್ನೇ ಹಾಕಿ ಮೇಡಂ" ಎಂದ ಕಾಂತರಾಜ್. "ಆಗ ಹಳಿ ನಿಮ್ಮ ಗೋಡೆ ಪಕ್ಕಕ್ಕೆ ಹೋಗುತ್ತಲ್ಲ, ಮಂಚ ಇದ್ದಲ್ಲೇ ಇರ್ಲಿ. ನಾನು ಹಾಲಲ್ಲಿ ಮಲಗ್ತೀನಿ. ನಂಗೆ ಈ ಕೋಣೇಲಿ ನಿದ್ದೆ ಬಂದು ಎಷ್ಟೋ ದಿನ ಆಯ್ತು."

ಶ್ರೀಗೌರಿ ಬೋಗಿಯನ್ನು ವಾಪಸು ತಗೊಂಡು ಮನೆಗೆ ಬಂದಳು. ಅಳತೆಗಳ ಜೊತೆ ಅವಳ ಇಡೀ ಆಯುಷ್ಯ ಕಳೆದಿತ್ತು. ಸಾಕಾಗುವಷ್ಟನ್ನು ಮಾತ್ರ ಕೇಳುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಕೇಳಿದ್ದಕ್ಕಿಂತ ದೊಡ್ಡದನ್ನು ಯಾರಾದರೂ ಎತ್ತಿ ಕೊಟ್ಟದ್ದು ಅವಳಿಗೆ ನೆನಪಿರಲಿಲ್ಲ.

ಸುಭದ್ರಮ್ಮನವರ ಒಪ್ಪಿಗೆ ಬೇಕಿತ್ತು. ಗೋಡೆಗೆ ಎರಡು ತೂತು ಎಂದಾಗ ಅವರು ಮೊದಲು ಇಲಿಗಳ ವಿಷಯ ಕೇಳಿದರು, ಆಮೇಲೆ ಮನೆ ಬಿದ್ದುಹೋಗುವುದಿಲ್ಲವೇ ಎಂದು ಕೇಳಿದರು. ಶ್ರೀಗೌರಿ ಅಲ್ಲೇ ಒಂದು ಹಾಳೆಯ ಮೇಲೆ ಗೋಡೆ ಬರೆದು, ತೂತುಗಳ ಮೇಲೆ ಕಬ್ಬಿಣದ ಪಟ್ಟಿ ಕೂರಿಸುವುದನ್ನು ತೋರಿಸಿದಳು. ಅವರು ಹಾಳೆಯನ್ನು ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದರು.

"ಮಾಡ್ಕೋ ಮಾರಾಯ್ತಿ" ಎಂದರು. "ಈ ಮನೆಗೆ ಬಂದಾಗಿನಿಂದ ನೀನು ಏನೂ ಕೇಳಿದ್ದೇ ಇಲ್ಲ. ನಲ್ಲಿ ಸೋರ್ತಿದ್ರೂ ನೀನೇ ಬಟ್ಟೆ ಕಟ್ತಿದ್ದೆ."

ಭೂತಪ್ಪನೆಂಬ ಗಾರೆ ಕೆಲಸದವನು ಬಂದು ಒಂದೇ ದಿನದಲ್ಲಿ ತೂತು ಕೊರೆದು ಹೋದ. ಹಳೆಯ ಮೇಜನ್ನು ಶ್ರೀಗೌರಿ ಬಿಚ್ಚಿ ತೆಗೆದಳು. ಎರಡು ಗೋಡೆಗಳ ಉದ್ದಕ್ಕೂ ಕಿರಿದಾದ ಹಲಗೆ ಕೂರಿಸಿ ನೇರ ಹಳಿ ಹಾಕಿದಳು. ಕಾಂತರಾಜನ ಕೋಣೆಯಲ್ಲಿ ಕಾಲುಗಳ ಮೇಲೆ ಪ್ಲೈವುಡ್ ಎದ್ದಿತು. ತಿರುವು ಗೋಡೆಯೊಳಗೇ ಶುರುವಾಗಬಾರದು, ಶುರುವಾದರೆ ಬೋಗಿಯ ನಡು ತೂತಿನ ಅಂಚಿಗೆ ಉಜ್ಜುತ್ತದೆ. ಆದ್ದರಿಂದ ಗೋಡೆ ದಾಟಿ ಒಂದು ಬೋಗಿಯಷ್ಟು ದೂರ ಹಳಿ ನೇರವಾಗಿಯೇ ಹೋಗಿ, ಆಮೇಲೆ ಬಾಗುತ್ತಿದೆಯೆಂದು ತಿಳಿಯದಷ್ಟು ಮೆಲ್ಲಗೆ ಬಾಗತೊಡಗಿ, ನಡುವೆ ಪೂರ್ತಿ ತಿರುವಾಗುತ್ತಿತ್ತು. ಅವಳು ಬಗ್ಗಿ ಹಳಿ ಕೂರಿಸುತ್ತಿದ್ದಾಗ ಕಾಂತರಾಜ್ ಮೊಳೆಗಳ ಡಬ್ಬಿ ಹಿಡಿದು ನಿಂತಿರುತ್ತಿದ್ದ. ಬಾಗಿದ ಹಳಿಯ ಮೇಲೆ ಬೆರಳಾಡಿಸಿ, ಇದು ಕೈಗೆ ನೇರ ಇದ್ದಂಗೇ ಇದೆಯಲ್ಲ ಎಂದು ಒಮ್ಮೆ ಆಶ್ಚರ್ಯಪಟ್ಟ.

ಮೊದಲ ಸಲ ಸುಭದ್ರಮ್ಮನವರ ಕೈಯಲ್ಲಿ ಆ ಕಡೆಯಿಂದ ರೈಲು ಬಿಡಿಸಿದಾಗ ಇಬ್ಬರೂ ಅವನ ಕೋಣೆಯಲ್ಲಿ ನಿಂತಿದ್ದರು. ಬರಿಯ ಪ್ಲೈವುಡ್ಡಿನ ಮೇಲೆ ಇಂಜಿನ್ನು ಗೋಡೆಯಿಂದ ಹೊರಬಂತು. ಅದರ ಹಿಂದೆ ಒಂದು, ಎರಡು, ಮೂರು. ಆರೂ ಬೋಗಿಗಳು ಒಂದರ ಹಿಂದೊಂದು ಬಾಗಿದವು. ಯಾವ ಮೂಲೆಯೂ ಹೊರಗೆ ಚಾಚಲಿಲ್ಲ, ಯಾವ ಕೊಂಡಿಯೂ ಜಗ್ಗಲಿಲ್ಲ. ಆ ಕಡೆಯ ತೂತಿನಲ್ಲಿ ಕೊನೆಯ ಬೋಗಿ ಮರೆಯಾಗುವವರೆಗೂ ಇಬ್ಬರೂ ಅದರ ಜೊತೆಗೇ ಕತ್ತು ತಿರುಗಿಸುತ್ತ ನೋಡಿದರು.

ಕಾಂತರಾಜ್ ಆಗ ಒಂದು ಮಾತು ಕೇಳಿದ. ಹಳಿ ಅವಳದ್ದು, ಅದರ ಸುತ್ತ ಏನಿರಬೇಕೆಂಬುದನ್ನು ತನಗೆ ಬಿಡಬಹುದೇ? ಬಿಟ್ಟರೆ, ಮುಗಿಯುವವರೆಗೆ ಅವಳು ಈ ಕಡೆ ಬಂದು ನೋಡಬಾರದು. ಶ್ರೀಗೌರಿ ಒಪ್ಪಿದಳು.

ಚಳಿಗಾಲವಿಡೀ ಹಾಗೆಯೇ ನಡೆಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದ ಮೇಲೆ ಹಲವು ಸಲ ಅವಳು ರೈಲು ಬಿಡುವಳು. ಮಂಚದ ಎಡಕ್ಕೆ ಹೊರಟ ರೈಲು ಗೋಡೆಯೊಳಕ್ಕೆ ಹೋಗಿ, ಒಂದಿಷ್ಟು ಹೊತ್ತು ಇಲ್ಲವಾಗಿ, ಬಲಕ್ಕೆ ಬರುವುದು. ಅವಳು ಇಂಜಿನ್ನನ್ನು ಎತ್ತಿ ಇನ್ನೊಂದು ತುದಿಗೆ ಸಿಕ್ಕಿಸಿದರೆ ಬಂದ ದಾರಿಯಲ್ಲೇ ಮರಳಿ ಹೊರಡುವುದು. ರೈಲು ಕಾಣದ ಆ ಸ್ವಲ್ಪ ಹೊತ್ತು ಅವಳಿಗೆ ಎಲ್ಲಕ್ಕಿಂತ ಇಷ್ಟವಾಗತೊಡಗಿತು. ತೂತಿಗೆ ಕಿವಿಗೊಟ್ಟರೆ ಚಕ್ರಗಳ ಸದ್ದು ದೂರ ದೂರ ಹೋಗಿ, ಯಾವುದೋ ಬಯಲು ದಾಟಿ ಮತ್ತೆ ಹತ್ತಿರ ಬರುವಂತೆ ಕೇಳುತ್ತಿತ್ತು.

ಬಂದ ರೈಲಿನ ಮೇಲೆ ಗುರುತುಗಳಿರುತ್ತಿದ್ದವು. ಒಂದು ದಿನ ಬೋಗಿಯ ಚಾವಣಿಯ ಮೇಲೆ ಒಂದು ಚೂರು ಬಿಳಿ ಕಾಗದ, ಮಂಜು ಉದುರಿದಂತೆ. ಇನ್ನೊಂದು ದಿನ ಕಿಟಕಿಗಳಿಗೆಲ್ಲ ಮೈದಾ ಗೋಂದಿನ ವಾಸನೆ. ಮತ್ತೊಂದು ದಿನ ಇಂಜಿನ್ನಿನ ಮೂತಿಗೆ ಒಂದೇ ಒಂದು ಹಸಿರು ಹನಿ. ಅವಳು ಅದನ್ನು ಒರೆಸಲಿಲ್ಲ. ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾಗಲೂ ಆ ಹಸಿರು ಏನಿರಬಹುದೆಂದು ಯೋಚಿಸುತ್ತಿದ್ದಳು. ಗುಡ್ಡವೇ, ಕೆರೆಯ ಅಂಚೇ, ಯಾರದ್ದೋ ಮನೆಯ ಬಾಗಿಲೇ? ಮಲಗಿದರೆ ತಾನೇ ಬೆರಳಿನಷ್ಟಾಗಿ ಆ ಬೋಗಿಯಲ್ಲಿ ಕೂತಿರುವಳು. ಕಿಟಕಿಯಾಚೆ ಗೋಡೆಯ ಕತ್ತಲೆ ಬಂದು ಹೋಗುವುದು. ಆಚೆಗೆ ಬಂದ ಕೂಡಲೇ ಎಚ್ಚರವಾಗಿಬಿಡುವುದು. ಒಂದು ಸಲವೂ ಆ ಊರನ್ನು ಕನಸಿನಲ್ಲಿ ನೋಡಲಾಗಲಿಲ್ಲ.

ಅಷ್ಟರಲ್ಲಿ ಇಬ್ಬರಿಗೂ ಒಂದು ರೂಢಿಯಾಗಿತ್ತು. ಅವನ ಕೈ ಹಳಿಯ ಮೇಲಿಲ್ಲದಾಗ ಅವನು ಗೋಡೆಯನ್ನೊಮ್ಮೆ ತಟ್ಟುವನು, ಆಗ ಅವಳು ರೈಲು ಬಿಡುವಳು. ಬೆಳಗಿನ ಹೊತ್ತು ಅವನು ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಆಗ ತಟ್ಟುವ ಪ್ರಶ್ನೆಯಿರಲಿಲ್ಲ. ಫೋನ್ ನಂಬರು ಇಬ್ಬರೂ ಕೇಳಿಕೊಂಡಿರಲಿಲ್ಲ, ಗೋಡೆಯೇ ಸಾಕಾಗಿತ್ತು.

ಶಿವರಾತ್ರಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ರೈಲು ಹೋಯಿತು, ಬರಲಿಲ್ಲ.

ಕೊನೆಯ ಬೋಗಿ ಅರ್ಧ ಗೋಡೆಯೊಳಗೆ, ಅರ್ಧ ಈಚೆಗೆ ನಿಂತುಬಿಟ್ಟಿತು. ಅವಳು ಗೋಡೆ ತಟ್ಟಿದಳು. ಉತ್ತರವಿಲ್ಲ. ಹೊರಗೆ ಹೋಗಿ ನೋಡಿದರೆ ಕಾಂತರಾಜನ ಬಾಗಿಲಿಗೆ ಬೀಗ. ಸಂಜೆಯೂ ಬೀಗ, ಮರುದಿನವೂ ಬೀಗ. ಸುಭದ್ರಮ್ಮ ತಮ್ಮ ಹತ್ತಿರವಿದ್ದ ಇನ್ನೊಂದು ಕೀಲಿ ತಂದು ಕೊಟ್ಟು, ಹೋಗಿ ನಿನ್ನ ರೈಲು ತಗೊಂಡು ಬಾ ಎಂದರು. ಅವಳು ಕೈ ಚಾಚಲಿಲ್ಲ. ನೋಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದಳು. ಬೋಗಿಯ ಬಾಲ ಹಿಡಿದು ಜಗ್ಗಿದರೆ ರೈಲು ಈಚೆಗೆ ಬರುತ್ತಿತ್ತು. ಅದನ್ನೂ ಮಾಡಲಿಲ್ಲ. ಆಚೆ ಏನು ಬಿದ್ದುಹೋಗುತ್ತದೋ ಎಂಬ ಭಯ.

ಮಲಗಿದಲ್ಲಿಂದ ಗೋಡೆಯಿಂದ ಹೊರಚಾಚಿದ ಆ ಕೆಂಪು ತುಂಡು ಕಾಣುತ್ತಿತ್ತು. ರೈಲು ನಿಂತದ್ದಕ್ಕಿಂತ ಆಚೆಯ ಸಪ್ಪಳ ನಿಂತದ್ದು ಅವಳನ್ನು ಹೆಚ್ಚು ಕಾಡಿತು. ಕಾಗದ ಹರಿಯುವ ಸದ್ದು, ಗೋಂದಿನ ಬಟ್ಟಲು ಕಲಕುವ ಸದ್ದು, ಆಗಾಗ ಒಂದು ಕೆಮ್ಮು. ಇಷ್ಟು ತಿಂಗಳು ಅವನ್ನು ಕೇಳಿಕೊಂಡೇ ತಾನು ನಿದ್ದೆ ಹೋಗುತ್ತಿದ್ದೆನೆಂದು ಅವಳಿಗೆ ಈಗ ಗೊತ್ತಾಯಿತು. ಗೊತ್ತಾಗಿ, ಎದ್ದು ಕೂತಳು.

ವಾರದ ಕೊನೆಗೆ ಸುಭದ್ರಮ್ಮ ಸುದ್ದಿ ತಂದರು. ಕಾಂತರಾಜ್ ಫೋನ್ ಮಾಡಿದ್ದ. ಭದ್ರಾವತಿಯ ಹಳೇಟೌನಿನಲ್ಲಿರುವ ಅಕ್ಕ ಮಂಜುಶ್ರೀಗೆ ಇದ್ದಕ್ಕಿದ್ದಂತೆ ಆಪರೇಷನ್ ಆಗಿ, ನಸುಕಿನಲ್ಲೇ ಎದ್ದು ಹೋಗಬೇಕಾಯಿತಂತೆ. ಪಕ್ಕದ ಮನೆಯವರಿಗೆ ಹೇಳಿ ಎಂದನಂತೆ. ಅವರು ಅಷ್ಟು ಹೇಳಿ, ವಿಳಾಸವನ್ನೂ ಹೇಳಿದರು. ವಿಳಾಸ ಕೊಡಿ ಎಂದು ಶ್ರೀಗೌರಿ ಕೇಳಿರಲಿಲ್ಲ.

ಭಾನುವಾರ ಅವಳು ರೈಲಿನಲ್ಲಿ ಭದ್ರಾವತಿಗೆ ಹೋದಳು. ಬಸ್ಸಿನಲ್ಲಾದರೆ ಬೇಗ ತಲುಪಬಹುದಿತ್ತು. ಬಿಸಿಲು ಇನ್ನೂ ಎಳೆಯದಾಗಿತ್ತು. ಕೊಯ್ದು ಬಿಟ್ಟ ಗದ್ದೆಗಳ ಮೇಲೆ ಬೆಳ್ಳಕ್ಕಿಗಳು ನಿಂತಲ್ಲೇ ನಿಂತಿದ್ದವು. ಕಾರ್ಖಾನೆಯ ಕೆಲಸಕ್ಕೆ ದಿನಾ ಓಡಾಡುವ ಅದೇ ದಾರಿಯ ಪಕ್ಕದ ಊರುಗಳೇ ಆದರೂ, ರೈಲಿನ ಕಿಟಕಿಯಿಂದ ಅವು ಬೇರೆ ಯಾವುದೋ ಸೀಮೆಯಂತೆ ಕಂಡವು. ಯಾರನ್ನು ನೋಡಲು, ಏನೆಂದು ಹೇಳಿಕೊಂಡು ಹೋಗುತ್ತಿದ್ದೇನೆಂದು ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಇಳಿದುಬಿಡುತ್ತಿದ್ದಳೋ ಏನೋ.

ಮಂಜುಶ್ರೀ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಅವಳನ್ನು ನೋಡಿದ ಕೂಡಲೇ, "ನೀವೇ ಅಲ್ವಾ ಗೋಡೆ ಆ ಕಡೆಯವ್ರು?" ಎಂದರು. ಹೌದೆಂದಳು. ಕೂರಿಸಿಕೊಂಡು, ಕಾಫಿ ತರಿಸಿ ಕೊಟ್ಟು, ತಮ್ಮ ಇಲ್ಲಿಗೆ ಬಂದಾಗಿನಿಂದ ದಿನಕ್ಕೆ ನಾಲ್ಕು ಸಲ ರೈಲಿನ ಮಾತೇ ಆಡುತ್ತಾನೆ, ತನಗೆ ಗಾಯದ ನೋವಿಗಿಂತ ಅದನ್ನು ಕೇಳುವುದೇ ಹೆಚ್ಚಾಗಿದೆ ಎಂದು ನಕ್ಕರು. ಕಾಂತರಾಜ್ ಒಳಗಿನಿಂದ ಔಷಧಿಯ ಚೀಲ ಹಿಡಿದು ಬಂದವನು ಬಾಗಿಲಲ್ಲೇ ನಿಂತ. ಅಕ್ಕನೇ ಅವರಿಬ್ಬರನ್ನೂ ಹೊಳೆಯ ಕಡೆ ಒಂದಿಷ್ಟು ತಿರುಗಾಡಿ ಬರಲು ಕಳಿಸಿದರು.

ಭದ್ರೆಯಲ್ಲಿ ನೀರು ತಗ್ಗಿತ್ತು. ಬಂಡೆಗಳ ಮೇಲೆ ಒಗೆದ ಸೀರೆಗಳು ಒಣಗುತ್ತಿದ್ದವು. ರೈಲು ನಿಂತಿದೆ ಎಂದು ಶ್ರೀಗೌರಿ ಹೇಳಿದಳು. ಹೊರಡುವ ಹಿಂದಿನ ಸಂಜೆ ಹಳಿಯ ಪಕ್ಕ ಹಸಿ ಕಾಗದ ಮೆತ್ತಿದ್ದೆ, ಉಬ್ಬಿ ಹಳಿ ಎತ್ತಿರಬೇಕು ಎಂದು ಅವನು ಹೇಳಿದ. ಕೀಲಿ ಸುಭದ್ರಮ್ಮನವರ ಹತ್ತಿರ ಇತ್ತಲ್ಲ ಎಂದೂ ಕೇಳಿದ. ಸ್ವಲ್ಪ ದೂರ ನಡೆದ ಮೇಲೆ, ಎಷ್ಟು ಕೆಲಸ ಉಳಿದಿದೆ, ಯಾವಾಗ ಮುಗಿಯುತ್ತದೆ ಎಂದು ಕೇಳಿದಳು.

"ಸಂಕ್ರಾಂತಿಗೇ ಮುಗಿಸ್ಬೋದಿತ್ತು" ಎಂದ ಕಾಂತರಾಜ್. "ನಾನೇ ಮುಗಿಸ್ಲಿಲ್ಲ. ಒಂದು ಕಡೆ ಮಾಡೋದು, ಇನ್ನೊಂದು ಕಡೆ ಕೀಳೋದು."

"ಯಾಕೆ?"

"ಮುಗಿದ್ರೆ ನೀವು ಬಂದು ನೋಡ್ತೀರಿ. ಚೆನ್ನಾಗಿದೆ ಅಂತೀರಿ. ಆಮೇಲೆ ವಾಪಸ್ ಹೋಗ್ತೀರಿ."

"ನಾನೆಲ್ಲಿಗೆ ಹೋಗ್ಲಿ? ಗೋಡೆ ಆ ಕಡೆಗೆ ತಾನೆ."

"ಅದೇ" ಎಂದ ಅವನು. "ಆ ಕಡೆಗೆ."

ಹೊಳೆಯ ಆ ದಡದಲ್ಲಿ ಯಾರೋ ಎಮ್ಮೆಗಳನ್ನು ನೀರಿಗಿಳಿಸುತ್ತಿದ್ದರು. ಶ್ರೀಗೌರಿ ಅವು ಒಂದೊಂದಾಗಿ ಮುಳುಗಿ ಬರಿಯ ಮೂಗು ಮಾತ್ರ ಕಾಣುವವರೆಗೂ ನೋಡುತ್ತ ನಿಂತಳು. ಅವಳ ದನಿ ಅಳತೆ ಹೇಳುವಾಗಿನಂತೆ ಸ್ಪಷ್ಟವಾಗಿಯೇ ಬಂತು.

"ಮುಗಿಸೋದು ಬೇಡ ಹಾಗಾದ್ರೆ. ನಾನೂ ನಿಮ್ಮ ಕಡೆಗೇ ಬರ್ತೀನಿ. ಇಬ್ಬರೂ ಸೇರಿ ನಿಧಾನವಾಗಿ ಮಾಡೋಣ."

ಕಾಂತರಾಜ್ ತಲೆಯಾಡಿಸಿದ. ಅವನ ಕೈ ಗೋಂದಿನಿಂದ ಒರಟಾಗಿತ್ತು. ಅದನ್ನು ಅಂಗಿಗೆ ಒರೆಸಿಕೊಂಡು, ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ಇಟ್ಟುಕೊಂಡಿದ್ದ. ಅವಳೇ ಆ ಕೈ ಹಿಡಿದುಕೊಂಡಳು.

ಅಕ್ಕ ಎದ್ದು ಓಡಾಡುವಂತಾದ ಮೇಲೆ ಅವನು ಶಿವಮೊಗ್ಗಕ್ಕೆ ಮರಳಿದ. ಮರುದಿನ ಬೆಳಿಗ್ಗೆ ಬೀಗ ತೆಗೆದು, ಹಿಂದಿನ ಕೋಣೆಯ ಕಿಟಕಿ ತೆರೆದು ಅವಳನ್ನು ಕರೆದ.

ಕೋಣೆಯಲ್ಲಿ ಒಂದು ಬಿಳಿಯ ನಾಡಿತ್ತು. ಕಾಗದವನ್ನು ನೆನೆಸಿ, ಅರೆದು, ಪದರ ಪದರವಾಗಿ ಕೂರಿಸಿದ ಗುಡ್ಡಗಳು ಒಂದರ ಹಿಂದೊಂದು ಎದ್ದಿದ್ದವು. ಹಿಂದಿನವು ಮುಂದಿನವುಗಳಿಗಿಂತ ತೆಳ್ಳಗೆ, ಕೊನೆಯವು ಬೆಳಕು ಹಾಯುವಷ್ಟು ತೆಳ್ಳಗೆ. ನಕ್ಷೆ ಇಳಿಸುವ ಪಾರದರ್ಶಕ ಕಾಗದದಲ್ಲಿ ಮಾಡಿದ ಹೊಳೆಯೊಂದು ಹಳಿಯ ಕೆಳಗೆ ಹಾದು ಹೋಗುತ್ತಿತ್ತು. ಅಂಚುಗಳನ್ನು ಸುರುಳಿ ಸುತ್ತಿ ಮಾಡಿದ ಮರಗಳು, ಉಗುರಿನಷ್ಟು ಮನೆಗಳು, ಒಂದು ಉದ್ದನೆಯ ಪ್ಲಾಟ್‌ಫಾರಂ. ಬಣ್ಣವಿದ್ದದ್ದು ಒಂದೇ ಒಂದು ಮರಕ್ಕೆ, ಅದೂ ಅರ್ಧಕ್ಕೆ. ಮಂಜು ಮುಚ್ಚಿದ ಮುಂಜಾವಿನಲ್ಲಿ ಎಚ್ಚರವಾಗುತ್ತಿರುವ ಊರಿನಂತೆ ಎಲ್ಲವೂ ಬೆಳ್ಳಗೆ, ನಿಶ್ಶಬ್ದವಾಗಿ ಬಿದ್ದುಕೊಂಡಿತ್ತು. ಅದರ ನಡುವೆ ಕೆಂಪು ರೈಲು ನಿಂತಲ್ಲೇ ನಿಂತಿತ್ತು.

ಯಾಕೆ ಬಣ್ಣ ಹಚ್ಚಲಿಲ್ಲವೆಂದು ಕೇಳಿದಳು. ಒಂದು ಮರಕ್ಕೆ ಹಚ್ಚಲು ಹೋಗಿ, ಯಾವ ಊರು, ಯಾವ ಕಾಲ ಎಂದು ತಾನೊಬ್ಬನೇ ತೀರ್ಮಾನ ಮಾಡುವುದು ಸರಿಯಲ್ಲವೆನಿಸಿ ಬಿಟ್ಟೆ ಎಂದ.

ಉಬ್ಬಿದ ಕಾಗದವನ್ನು ಅವನು ಹುಷಾರಾಗಿ ಕೆರೆದ. ಅವಳು ಹಳಿಯನ್ನು ಒತ್ತಿ ಮಟ್ಟ ಮಾಡಿದಳು. ಆಮೇಲೆ ತನ್ನ ಕಡೆಗೆ ಹೋಗಿ ರೈಲು ಬಿಡಲು ಹೊರಟವಳನ್ನು ತಡೆದು, ತಾನೇ ಹೋಗುತ್ತೇನೆ, ನೀವು ಇಲ್ಲೇ ಇರಿ ಎಂದ. ಶ್ರೀಗೌರಿ ಮಂಡಿಯೂರಿ, ಗಲ್ಲವನ್ನು ಪ್ಲೈವುಡ್ಡಿನ ಅಂಚಿಗಿಟ್ಟು ಕಾದಳು. ಇಂಜಿನ್ನು ಅಲುಗಿತು. ಬಿಳಿಯ ಗುಡ್ಡಗಳ ಬುಡದಲ್ಲಿ ಉದ್ದನೆಯ ರೈಲು ಅವಸರವಿಲ್ಲದೆ ಬಾಗುತ್ತ ಬಂತು. ಅದರ ತಲೆಯೂ ಬಾಲವೂ ಒಂದೇ ಕ್ಷಣದಲ್ಲಿ ಅವಳಿಗೆ ಕಂಡವು. ನೋಡುತ್ತ ನೋಡುತ್ತ ಕಣ್ಣು ಮಂಜಾಗಿ, ಗುಡ್ಡ ಯಾವುದು ಮಂಜು ಯಾವುದು ಎಂದು ತಿಳಿಯದಾಯಿತು.

ಯುಗಾದಿ ಕಳೆದ ಮೇಲೆ ಅವರು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು. ಸಾಕ್ಷಿಗೆ ಮಂಜುಶ್ರೀ, ಸುಭದ್ರಮ್ಮ, ಜೊತೆಗೆ ಗೋಡೆ ಕೊರೆದ ಭೂತಪ್ಪ. ಬರುವಾಗ ಆಟೋದಲ್ಲಿ ಸುಭದ್ರಮ್ಮ, ಇನ್ನು ಯಾವ ಮನೆ ಖಾಲಿ ಮಾಡುತ್ತೀರಿ, ಕೇಳುವವರು ಇದ್ದಾರೆ ಎಂದರು. ಶ್ರೀಗೌರಿ ಕಾಂತರಾಜನ ಮುಖ ನೋಡಿದಳು.

"ಯಾವುದೂ ಇಲ್ಲಮ್ಮ" ಎಂದಳು. "ಎರಡೂ ಬೇಕು. ಒಂದರಲ್ಲಿ ತಿರುವು ಹಿಡಿಸಲ್ಲ."

ಸುಭದ್ರಮ್ಮ ಏನೋ ಗೊಣಗಿದರು, ಮತ್ತೆ ಆ ಮಾತೆತ್ತಲಿಲ್ಲ. ಬೇಸಗೆಯ ರಜೆಯ ದಿನಗಳಲ್ಲಿ ಇಬ್ಬರೂ ಕೋಣೆಯಲ್ಲಿ ಕೂತು ಬಣ್ಣ ಕಲಸುತ್ತಾರೆ. ಹೊಳೆಗೆ ಯಾವ ಬಣ್ಣವೆಂದು ಇನ್ನೂ ಒಪ್ಪಂದವಾಗಿಲ್ಲ. ಅವಳು ಹಸಿರು ಎನ್ನುತ್ತಾಳೆ, ಅವನು ಕಂದು ಎನ್ನುತ್ತಾನೆ. ಒಂದು ಮನೆಯ ಹೆಂಚಿಗೆ ಕೆಂಪು ಹಚ್ಚಿ, ಒಣಗುವವರೆಗೆ ಕಾಫಿ ಕುಡಿಯುತ್ತ ಕೂತು, ಆ ದಿನಕ್ಕೆ ಅಷ್ಟು ಸಾಕೆಂದು ಎದ್ದುಬಿಡುತ್ತಾರೆ.